ಗೇಟು ಹಿಡಿದವಳ ಪರವಾಗಿ

ಅಕ್ಕ,

ಇನ್ನೂ ಅಕ್ಕ ಎಂದೇ ಬರೆಯುತ್ತಿದ್ದೇನೆ. ಒಂಬತ್ತು ವರ್ಷ ಕರೆದು ಕರೆದು ನಾಲಿಗೆಗೆ ಅಂಟಿದ್ದು ಒಂದು ರಾಜೀನಾಮೆಗೆ ಬಿಟ್ಟುಹೋಗುವುದಿಲ್ಲ. ಆದರೆ 'ಪ್ರೀತಿಯ' ಎಂದು ಬರೆಯಲಾರೆ. ನನಗೆ ಸಿಟ್ಟು ಬಂದಿದೆ. ನಿಮ್ಮ ಸಂಸ್ಥೆಯೊಳಗೆ ಸಿಟ್ಟು ಮಾಡಿಕೊಳ್ಳುವ ಹಕ್ಕು ನಿಮಗೊಬ್ಬರಿಗೇ ಇತ್ತಲ್ಲ, ಅದಕ್ಕೇ ಹೊರಗೆ ಬಂದ ಮೇಲೆ ಬರೆಯುತ್ತಿದ್ದೇನೆ.

ಗಂಡನ ಹೊಡೆತ ತಾಳಲಾರದೆ ಓಡಿಬಂದ ಹೆಂಗಸರಿಗಾಗಿ ನೀವು ಕಟ್ಟಿದ ಮನೆ ಅದು. ಗೇಟಿಗೆ ಬೋರ್ಡಿಲ್ಲ, ಯಾವ ಕಾಗದದಲ್ಲೂ ವಿಳಾಸವಿಲ್ಲ. ಹದಿನೇಳು ಮಂಚ, ಒಂದು ಹೊಲಿಗೆ ಕೋಣೆ, ಮೆಟ್ಟಿಲ ಕೆಳಗೆ ಆಪ್ತಸಮಾಲೋಚಕಿಯಾದ ನನ್ನ ಪುಟ್ಟ ಕೋಣೆ. ಅಲ್ಲಿ ಕೂತು ನಾನು ದಿನವೂ ಹೇಳುತ್ತಿದ್ದೆ: ಅವನು ಕೂಗಾಡಿದರೆ ಅದು ನಿನ್ನ ತಪ್ಪಲ್ಲ, ಹೆದರಿಸುವುದು ಪ್ರೀತಿಯಲ್ಲ. ಹೇಳಿ ಮುಗಿಸಿ, ಎದುರಿಗಿದ್ದ ನಿಮ್ಮ ಕೋಣೆಗೆ ಬಂದು, ತಲೆ ತಗ್ಗಿಸಿ ನಿಂತು ಬೈಸಿಕೊಳ್ಳುತ್ತಿದ್ದೆ.

ನಿಮ್ಮ ಕಾರಿನ ಬಾಗಿಲ ಸದ್ದಿನಿಂದಲೇ ನಾವು ಆ ದಿನದ ಹವಾಮಾನ ತಿಳಿಯುತ್ತಿದ್ದೆವು, ಗೊತ್ತೇ? ಮೆಲ್ಲಗೆ ಮುಚ್ಚಿಕೊಂಡರೆ ರಜೆ ಕೇಳಬಹುದು. ಧಡಾರೆಂದರೆ ಕೆಮ್ಮಲೂ ಬಾರದು. ಮಗುವಿಗೆ ಜ್ವರವೆಂದು ಐದೂವರೆಗೆ ಹೊರಟುನಿಂತ ಲೆಕ್ಕದವಳಿಗೆ ನೀವು ನಗುನಗುತ್ತಲೇ ಅಂದಿರಿ: "ನಾವೆಲ್ಲ ಒಂದೇ ಮನೆಯವರು. ಮನೆಯವರು ಗಡಿಯಾರ ನೋಡ್ತಾರೇನೆ?" ಅವಳು ಹೆಗಲ ಚೀಲ ಇಳಿಸಿ ಮತ್ತೆ ಕೂತಳು. ಶನಿವಾರದ 'ಮನಬಿಚ್ಚಿ ಮಾತು' ಸಭೆಯಲ್ಲಿ ನಮ್ಮನ್ನು ದುಂಡಗೆ ಕೂರಿಸಿ ಕಷ್ಟ ಹೇಳಿಕೊಳ್ಳಿ ಎನ್ನುತ್ತಿದ್ದಿರಿ. ರಾತ್ರಿ ನಿದ್ದೆ ಬರುತ್ತಿಲ್ಲವೆಂದು ಒಮ್ಮೆ ನಾನು ಬಾಯಿಬಿಟ್ಟೆ. ಆ ವರ್ಷ ನನ್ನ ಕೆಲಸದ ಬಗ್ಗೆ ಬರೆಯುವಾಗ 'ಮನಸ್ಥಿತಿ ಸ್ಥಿರವಿಲ್ಲ' ಎಂದು ಸೇರಿಸಿದಿರಿ. ಆಮೇಲಿನ ಶನಿವಾರಗಳಲ್ಲಿ ಎಲ್ಲರೂ ಆರೋಗ್ಯವಾಗಿಯೇ ಇದ್ದೆವು.

ಇದನ್ನೆಲ್ಲ ನುಂಗಿಕೊಂಡೆ. ಏನೇ ಇರಲಿ, ಇಲ್ಲಿ ಹೆಂಗಸರ ಜೀವ ಉಳಿಯುತ್ತಿದೆಯಲ್ಲ ಎಂದುಕೊಂಡೆ. ಹೊಲಿಗೆ ಕೋಣೆಯ ಟೈಲರಮ್ಮನ ಫೋಟೊ ಮಾತ್ರ ಗಂಟಲಲ್ಲೇ ಉಳಿಯಿತು.

ಮಗಳನ್ನು ಎತ್ತಿಕೊಂಡು ಬರಿಗಾಲಲ್ಲಿ ಬಂದವಳು ಆಕೆ. ಮೊದಲ ದಿನವೇ ನನ್ನ ಕೈಹಿಡಿದು ಒಂದೇ ಒಂದು ಕೇಳಿಕೊಂಡಿದ್ದಳು, ತನ್ನ ಚಿತ್ರ ಎಲ್ಲೂ ಬರಬಾರದು. ಬರುವುದಿಲ್ಲವೆಂದು ಮಾತು ಕೊಟ್ಟೆ, ಫೈಲಿನಲ್ಲೂ ಬರೆದಿಟ್ಟೆ. ದಾನಿಗಳಿಗೆ ಕಳಿಸುವ ವಾರ್ಷಿಕ ಪುಸ್ತಕಕ್ಕೆಂದು ನೀವು ಫೋಟೊದವನನ್ನು ಕರೆಸಿದಿರಿ, ಆಕೆಯನ್ನೇ ಕಿಟಕಿಯ ಪಕ್ಕದ ಮಿಷನ್ನಿಗೆ ಕೂರಿಸಿದಿರಿ. ಬೆನ್ನು ಮಾತ್ರ ಬರುತ್ತದೆ ಎಂದಿರಿ. ಅಚ್ಚಿಗೆ ಹೋಗುವ ಮುಂಚೆ ನೋಡಿದರೆ ಅರ್ಧ ಮುಖವಿತ್ತು, ಮುಂಗೈಯ ಸುಟ್ಟ ಗಾಯವಿತ್ತು, ಕಿಟಕಿಯಾಚೆ ಪಕ್ಕದ ಶಾಲೆಯ ನೀರಿನ ಟ್ಯಾಂಕು ಹೆಸರಿನ ಸಮೇತ ಕಾಣುತ್ತಿತ್ತು. ಎರಡು ಸಲ ಕೆಂಪು ಗುರುತು ಹಾಕಿ ವಾಪಸು ಕಳಿಸಿದೆ. ನೀವು ನನ್ನನ್ನು ಕರೆದು ಹೇಳಿದ್ದು ಇಷ್ಟು: "ನಿನ್ನದು ಎಲ್ಲದಕ್ಕೂ ಅಡ್ಡಗಾಲು. ಕಣ್ಣಿಗೆ ಕಾಣದ ಕಷ್ಟಕ್ಕೆ ಯಾರು ಕರಗ್ತಾರೆ ಹೇಳು?" ಪುಸ್ತಕ ಅಚ್ಚಾಯಿತು. ಆ ಫೋಟೊವನ್ನೇ ಮುಖಪುಟಕ್ಕೆ ಹಾಕಿಸಿದ್ದಿರಿ.

ಆರು ವಾರಕ್ಕೆ ಆಕೆಯ ಗಂಡ ಬಂದ. ಬೆಳಗಿನ ಹತ್ತೂವರೆ. ಪುಸ್ತಕದ ಮುಖಪುಟ ಹರಿದು ಮಡಚಿ ಜೇಬಿನಲ್ಲಿಟ್ಟುಕೊಂಡಿದ್ದ. ಕಾವಲಿಗಿದ್ದದ್ದು ನಮ್ಮ ಗೇಟಮ್ಮ, ಅರವತ್ತರ ಹೆಂಗಸು. ಅವನು ತಳ್ಳಿದ, ಆಕೆ ಒಳಗಿನಿಂದ ಎದೆಯೊಡ್ಡಿ ನಿಂತಳು. ಕಬ್ಬಿಣದ ಗೇಟಿಗೂ ಕಂಬಕ್ಕೂ ನಡುವೆ ಆಕೆಯ ಬಲಗೈಯ ಎರಡು ಬೆರಳು ಮುರಿದವು. ಪೊಲೀಸರು ಬರಲು ಇಪ್ಪತ್ತು ನಿಮಿಷ. ಅಷ್ಟು ಹೊತ್ತೂ ಆಕೆ ಗೇಟು ಬಿಡಲಿಲ್ಲ. ನಾನೂ ಅಡುಗೆಯವಳೂ ಹಿಂದಿನಿಂದ ಒತ್ತಿ ಹಿಡಿದಿದ್ದೆವು. ಉಗ್ರಾಣದಲ್ಲಿ ಅಕ್ಕಿ ಮೂಟೆಗಳ ಹಿಂದೆ ಟೈಲರಮ್ಮ ಮಗಳ ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದಳು. ಎಲ್ಲ ಮುಗಿಯಿತು ಎಂದು ಹೇಳಿದ ಮೇಲೂ ಆ ಕೈ ತೆಗೆಯಲು ಆಕೆಗೆ ಧೈರ್ಯ ಬರಲಿಲ್ಲ.

ನೀವು ಆ ಹೊತ್ತಿಗೆ ಎಲ್ಲೋ ಶಾಲು ಹೊದಿಸಿಕೊಳ್ಳುತ್ತಿದ್ದಿರಿ. ಮಧ್ಯಾಹ್ನ ಬಂದವರೇ ಎಲ್ಲರನ್ನೂ ದುಂಡಗೆ ಕೂರಿಸಿದಿರಿ. ಬ್ಯಾಂಡೇಜು ಸುತ್ತಿಸಿಕೊಂಡು ಆಗತಾನೇ ಆಸ್ಪತ್ರೆಯಿಂದ ಬಂದವಳ ಕಡೆ ತಿರುಗಿ ಕೇಳಿದಿರಿ: "ಅಂಗಡಿಯಲ್ಲಿ ನಿಂತು ಹರಟೆ ಹೊಡೆಯೋದು ನೀನೇ ತಾನೆ? ವಿಳಾಸ ಇನ್ಯಾರ ಬಾಯಿಂದ ಹೋಗುತ್ತೆ?"

ಆ ಕೋಣೆಯಲ್ಲಿ ಹನ್ನೊಂದು ಜನರಿದ್ದೆವು. ಅವನ ಜೇಬಿನಿಂದ ಸಿಕ್ಕ ಮುಖಪುಟ ನಿಮ್ಮ ಮೇಜಿನ ಮೇಲೇ ಬಿದ್ದಿತ್ತು. ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ನೆಲ ನೋಡಿದೆವು. ಗೇಟಮ್ಮ ಎಲ್ಲರನ್ನೂ ಬಿಟ್ಟು ನನ್ನನ್ನೇ ನೋಡಿದಳು. ಆಕೆಯನ್ನು ತೆಗೆದುಹಾಕುವ ಕಾಗದಕ್ಕೆ ಸಾಕ್ಷಿ ಬೇಕೆಂದು ನೀವು ಪೆನ್ನು ಚಾಚಿದಿರಿ. ನಾನು ಸಹಿ ಹಾಕಿದೆ. ಹೌದು ಅಕ್ಕ, ಈ ಸಿಟ್ಟಿನಲ್ಲಿ ನನ್ನ ಪಾಲೂ ಇದೆ. ಆದರೆ ನನ್ನದನ್ನು ತೋರಿಸಿ ನೀವು ಜಾರಿಕೊಳ್ಳಲು ಬಿಡುವುದಿಲ್ಲ.

ಮೂರು ದಿನ ಬಿಟ್ಟು ಆಕೆಯ ಮನೆ ಹುಡುಕಿಕೊಂಡು ಹೋದೆ. ಬೈದಿದ್ದರೆ ಹಗುರಾಗುತ್ತಿತ್ತು. ಆಕೆ ಎಡಗೈಯಲ್ಲೇ ಚಾಪೆ ಬಿಡಿಸಿ ಕೂರಿಸಿದಳು, ಅವತ್ತು ಹೆದರಿ ಮಾತು ನಿಲ್ಲಿಸಿದ್ದ ಟೈಲರಮ್ಮನ ಮಗಳು ಈಗ ಮಾತಾಡುತ್ತಾಳಾ ಎಂದು ವಿಚಾರಿಸಿದಳು. ನಾನು ಕ್ಷಮೆ ಕೇಳಲು ಶುರುಮಾಡಿದಾಗ ತಡೆದಳು.

"ನಾನು ಗೇಟು ಬಿಡ್ಲಿಲ್ಲ ಕಣಮ್ಮ. ನೀವೆಲ್ಲ ಸೇರಿ ನನ್ನ ಕೈ ಬಿಟ್ರಿ."

ಅಷ್ಟೇ. ಮರುದಿನ ಕೆಲಸ ಬಿಟ್ಟೆ. ನಾನು ಸಹಿ ಹಾಕಿದ್ದು ಸುಳ್ಳು ಸಾಕ್ಷಿಗೆಂದು ಸಂಸ್ಥೆಯ ಟ್ರಸ್ಟಿನ ಹಿರಿಯರಿಗೆ ಬರೆದೆ, ಕೆಂಪು ಗುರುತಿನ ಎರಡೂ ಹಾಳೆಯ ನಕಲು ಜೊತೆಗಿಟ್ಟೆ. ಆಮೇಲೆ ಲೆಕ್ಕದವಳು ಬರೆದಳು, ಅಡುಗೆಯವಳು ಹೇಳಿ ಬರೆಸಿದಳು. ಟೈಲರಮ್ಮ ಮಗಳೊಂದಿಗೆ ದೂರದ ಇನ್ನೊಂದು ಆಶ್ರಯಕ್ಕೆ ಹೋಗಿದ್ದಾಳೆ. ಎಲ್ಲೆಂದು ನಿಮಗೆ ಹೇಳುವುದಿಲ್ಲ.

ನಾಳೆ ಹನ್ನೊಂದು ಗಂಟೆಗೆ ಹಿರಿಯರು ನಮ್ಮನ್ನು ಕರೆದಿದ್ದಾರೆ. ಈ ಪತ್ರವನ್ನೇ ಅಲ್ಲಿ ಓದುತ್ತೇನೆ. ಬೆನ್ನ ಹಿಂದೆ ಆಡಿಕೊಳ್ಳುವುದನ್ನು ಒಂಬತ್ತು ವರ್ಷ ಚೆನ್ನಾಗಿ ಕಲಿತಿದ್ದೆ. ಅದು ಸಾಕಾಗಿದೆ, ಅದಕ್ಕೇ ಮೊದಲು ನಿಮಗೆ ಕಳಿಸುತ್ತಿದ್ದೇನೆ. ಓದಿ ಸಿದ್ಧರಾಗಿ ಬನ್ನಿ. ಗೇಟಮ್ಮನೂ ಬರುತ್ತಾಳೆ. ಆಕೆಗೆ ಕುರ್ಚಿ ಹಾಕಿಸಿ.

ನಿಮಗೆ ಕೆಟ್ಟದಾಗಲಿ ಎನ್ನಲಾರೆ. ನಿಮ್ಮ ಮುಖ ನೋಡಿ "ಇದು ತಪ್ಪು" ಎನ್ನಬಲ್ಲ ಒಬ್ಬಳಾದರೂ ಇನ್ನು ಮುಂದೆ ಆ ಮನೆಯಲ್ಲಿರಲಿ, ಅವಳ ಕೆಲಸ ಉಳಿಯಲಿ.

ಇಂತಿ,
ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ತಡವಾಗಿ ಬಾಯಿಬಿಟ್ಟವಳು