ಒಂದು ಜೀವಕ್ಕೆ ಎರಡು ಚೀಟಿ

ಬುದ್ಧವರ್ಷ ಎರಡು ಸಾವಿರದ ಏಳುನೂರ ಇಪ್ಪತ್ತು, ಆಶ್ವೀಜ ಹುಣ್ಣಿಮೆಯ ಹಿಂದಿನ ದಿನ, ಮಧ್ಯಾಹ್ನ.
ತೆಗ್ಗಿನಹಾಳದ ಮಡ್ಡಿ, ವಿಹಾರದ ಅಡುಗೆಮನೆಯಿಂದ.

ಜಗದೇವಿ ಆಯಿಗೆ, ನಿನ್ನ ಮೊಮ್ಮಗಳ ಮೊಮ್ಮಗಳ ಮಗಳು ಖೇಮವ್ವ ಮಾಡುವ ಜೈಭೀಮ್.

ಮೇಲಿನ ತಾರೀಖು ನೋಡಿ ಹೌಹಾರಬೇಡ. ನಾನು ಹುಟ್ಟುವುದಕ್ಕೆ ನಿನ್ನ ಕಾಲದಿಂದ ಇನ್ನೂ ನೂರಾ ಹದಿನೈದು ವರ್ಷ ಬೇಕು. ಕಾಗದ ಹಿಂದಕ್ಕೆ ಹೇಗೆ ಹೋಗುತ್ತದೆ ಎಂದು ನನ್ನನ್ನು ಕೇಳಬೇಡ. ನೀನು ನೆಟ್ಟ ಅರಳಿಮರದ ಬುಡದಲ್ಲಿ ಇಟ್ಟು ಬಾ ಎಂದರು ವಿಹಾರದ ಭಿಕ್ಷು, ನಮ್ಮ ಭಂತೇಜಿ. ಇಡುತ್ತೇನೆ, ಅಷ್ಟೇ. ನನ್ನ ಮಾತು ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೋ. ನಿಮ್ಮ ಎಷ್ಟೋ ಶಬ್ದ ನಮ್ಮಲ್ಲಿ ಸತ್ತಿವೆ. ಹೊಳೆಗೆ ದಂಡೆ ಅಂತ ಒಂದು ಇತ್ತಂತೆ. ನಮ್ಮ ಭೀಮೆ ಒಂದು ಕಡೆ ನಿಂತರೆ ತಾನೆ ದಂಡೆ? ನಿಮ್ಮಲ್ಲಿ ಮಳೆಗೂ ಹೆಸರಿದ್ದವು, ಮೃಗಶಿರ, ಆರಿದ್ರ, ಮಘೆ, ಹಸ್ತ. ನಮಗೆ ಬರುವುದು ಹೆಸರಿಲ್ಲದ ಮಳೆ. ಅದು ಮಾಘದಲ್ಲೂ ಬರುತ್ತದೆ, ಚೈತ್ರದಲ್ಲೂ ಬರುತ್ತದೆ, ಬಂದರೆ ಒಂದು ತಿಂಗಳಿನದನ್ನು ನಾಲ್ಕು ತಾಸಿನಲ್ಲಿ ಸುರಿದು ಹೋಗುತ್ತದೆ.

ನಾನು ವಿಹಾರದ ಅಡುಗೆಯವಳು. ಖೇಮವ್ವನ ಬಾಯಿ ಜೋರು ಅಂತ ಊರೆಲ್ಲ ಹೇಳುತ್ತದೆ, ಸುಳ್ಳೇನಲ್ಲ. ಆದರೆ ನಲವತ್ತೈದು ದಿನದಿಂದ ಒಂದು ಮಾತು ಗಂಟಲಲ್ಲಿ ಮುಳ್ಳಾಗಿ ಕೂತಿದೆ. ನಾಳೆ ಅದನ್ನು ಊರ ಮುಂದೆ ಹೇಳದಿದ್ದರೆ ನೀನು ಹಾಕಿಕೊಟ್ಟ ಚೀಟಿಯ ರೂಢಿ ನಾಳೆಯೇ ಮುಗಿಯುತ್ತದೆ. ಮೊದಲು ನಿನ್ನ ಮುಂದೆ ಹೇಳಿ ನೋಡುತ್ತೇನೆ. ನೀನು ಆ ಮೊದಲ ಚೀಟಿ ಎತ್ತುವ ಹಿಂದಿನ ದಿನ ಈ ಕಾಗದ ನಿನ್ನ ಕೈ ಸೇರಲಿ.

ನಿನ್ನ ಕಥೆ ನಮ್ಮ ಮಕ್ಕಳಿಗೆ ಬಾಯಿಪಾಠ. ನಿಮ್ಮ ಓಣಿಗೆ ನೀರು ನುಗ್ಗಿದ ದಿನ ಏಳು ಜನ ಗಟ್ಟಿಮುಟ್ಟಾದ ಗಂಡಸರಿದ್ದರು. ಪ್ರತಿಯೊಬ್ಬನೂ ತನ್ನವರನ್ನು ಎತ್ತಿಕೊಂಡು ಶಾಲೆಯ ಮಾಳಿಗೆ ಹತ್ತಿದ. ನಿನ್ನ ಗಂಡನ ಅಕ್ಕ, ಕಿವಿ ಕೇಳದ ಕಾಶಿಬಾಯಿ, ಒಳಗೆ ಹಿಟ್ಟು ಬೀಸುತ್ತ ಕೂತಿದ್ದಳು. ಬೇರೆ ಯಾರಾದರೂ ಕರೆತಂದಿರುತ್ತಾರೆ ಎಂದು ಏಳೂ ಜನ ತಿಳಿದರು. ನೀನೂ ಹಾಗೇ ತಿಳಿದೆ. ಅವಳನ್ನು ಮಣ್ಣು ಮಾಡಿದ ಮೇಲೆ ನೀನು ಊರವರ ಹೆಸರು ಬರೆದ ಚೀಟಿಗಳನ್ನು ರೊಟ್ಟಿಬುಟ್ಟಿಗೆ ಹಾಕಿ ವಿಹಾರಕ್ಕೆ ತಂದು ಕುಲುಕಿದೆ. ಯಾರ ಕೈಗೆ ಯಾರ ಹೆಸರು ಬಂತೋ ಅವರನ್ನು ಮೊದಲು ಹೊತ್ತು ತರಬೇಕು. ರಕ್ತಸಂಬಂಧಿಯ ಹೆಸರು ಬಂದರೆ ಚೀಟಿ ವಾಪಸು ಬುಟ್ಟಿಗೆ.

ವರ್ಷಕ್ಕೊಮ್ಮೆ ಚೀಟಿ ಎತ್ತಿ, ಅದನ್ನು ನಾವು ನೂರೈವತ್ತು ವರ್ಷ ನಡೆಸಿದ್ದೇವೆ. ಮಡ್ಡಿಯ ಮೇಲೆ ಬರೀ ಕಲ್ಲು, ಹೊಲವೆಲ್ಲ ಕೆಳಗೆ, ಅದಕ್ಕೆ ಮನೆಗಳೂ ಕೆಳಗೇ. ಪ್ರತಿ ಹುಣ್ಣಿಮೆ ಬೆಳಿಗ್ಗೆ ವಿಹಾರದ ಗಂಟೆ ಹೊಡೆಯುತ್ತದೆ. ಒಲೆಯ ಮೇಲೆ ಏನಿದ್ದರೂ ಬಿಟ್ಟು, ಚೀಟಿಯಲ್ಲಿ ಬಂದವರ ಮನೆಗೆ ಹೋಗಿ, ಅವರನ್ನು ಕೈಹಿಡಿದೋ ಹೆಗಲ ಮೇಲೋ ಮಡ್ಡಿ ಹತ್ತಿಸಬೇಕು. ದಾರಿಯಲ್ಲಿ ಮಾತಿಲ್ಲ, ಉಸಿರಿನ ಮೇಲೆ ಗಮನ. ಗಡಿಯಾರ ನಂಬಿ ಕೆಟ್ಟವರು ನಾವು, ಈಗ ದಾರಿಯನ್ನೂ ಉಸಿರಿನಲ್ಲೇ ಅಳೆಯುತ್ತೇವೆ: ಬೇವಿನ ಮರದವರೆಗೆ ಅರವತ್ತು ಉಸಿರು, ಅಲ್ಲಿಂದ ವಿಹಾರಕ್ಕೆ ಇನ್ನೂರು. ಹೊರಿಸಿಕೊಳ್ಳುವವರು ಹೊಸ್ತಿಲ ಮೇಲೆ ಕೂತು ಬಾಗಿಲ ಚೌಕಟ್ಟು ಹಿಡಿದು ಕಾಯಬೇಕು, ಹೊರುವವರು ಬರುವವರೆಗೆ ಅಲುಗಬಾರದು. ಮೇಲೆ ಬಂದ ಮೇಲೆ ಎಲ್ಲರೂ ಅಷ್ಟಶೀಲ ತೆಗೆದುಕೊಂಡು, ಮರಣಸ್ಮೃತಿ ಹೇಳಿ, ಮಧ್ಯಾಹ್ನದೊಳಗೆ ಒಟ್ಟಿಗೆ ಗಂಜಿ ಕುಡಿಯುತ್ತೇವೆ. ಹಾಗೆ ಬಂದಾಗಲೆಲ್ಲ ಮನೆಗೊಂದು ಹಿಡಿ ಜೋಳ ದಾನ. ಆ ದಾನದ ಜೋಳ ಕಲ್ಲಿನ ಹಗೇವಿಗೆ, ನೆಲದೊಳಗಿನ ಕಣಜಕ್ಕೆ, ಇಳಿದು, ನೆರೆ ಬಂದ ವರ್ಷ ನಮ್ಮನ್ನೇ ಸಾಕುತ್ತದೆ. ಮೈತ್ರಿಧ್ಯಾನವನ್ನೂ ಭಂತೇಜಿ ತಮ್ಮದೇ ರೀತಿಯಲ್ಲಿ ಕಲಿಸುತ್ತಾರೆ. ಮೊದಲು ನಿನಗೆ ಒಳ್ಳೆಯದು ಬಯಸು, ಆಮೇಲೆ ನಿನ್ನವರಿಗೆ, ಆಮೇಲೆ ಗುರುತಿಲ್ಲದವರಿಗೆ, ಕಡೆಗೆ ಹಗೆಗೆ. ಕಣ್ಣು ಮುಚ್ಚಿದಾಗ ಈ ಕ್ರಮ, ಗಂಟೆ ಹೊಡೆದಾಗ ಉಲ್ಟಾ ಅನ್ನುತ್ತಾರೆ.

ಈ ವರ್ಷ ನನ್ನ ಮಗಳು ಉಪ್ಪಲಾಳ ಚೀಟಿ ಬಸಲಿಂಗನಿಗೆ ಹೋಯಿತು. ಆರು ವರ್ಷದ ಕೂಸು, ತಂದೆಯಿಲ್ಲದ್ದು. ಬಸಲಿಂಗ ಅಂದರೆ ಹಿಂದೊಮ್ಮೆ ಕುಡಿದು ಹುಣ್ಣಿಮೆಯ ನಡಿಗೆಗೇ ಬರದವನು. ನಾಲ್ಕು ವರ್ಷದಿಂದ ನಾನು ಅವನ ಜೊತೆ ಮಾತಾಡಿಲ್ಲ. ಬುಟ್ಟಿಯ ಮುಂದೆಯೇ ಕೂಗಾಡಿದೆ: "ಈ ಕುಡುಕನ ಕೈಯಾಗ ನನ್ನ ಕೂಸಾ? ಭಂತೇಜಿ, ನಿಮಗ ತಲಿ ನೆಟ್ಟಗ ಅದ ಇಲ್ಲೋ?" ಭಂತೇಜಿ ಮೊದಲು ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದವರು, ಅವರದೂ ಮೆತ್ತನೆಯ ಮಾತಲ್ಲ. "ಖೇಮವ್ವ, ಚೀಟಿಗಿ ನಿನ್ನ ಸಿಟ್ಟು ಗೊತ್ತಿಲ್ಲ, ನೀರಿಗೂ ಗೊತ್ತಿಲ್ಲ. ಕುಂದ್ರು," ಎಂದರು. ಬಸಲಿಂಗ ತಲೆ ತಗ್ಗಿಸಿ ನಿಂತಿದ್ದ.

ನನ್ನ ಕೈಗೆ ಬಂದವಳು ಚಂದಮ್ಮ. ಎಪ್ಪತ್ತೆಂಟರ ಮುದುಕಿ, ಎರಡೂ ಕಣ್ಣಿಲ್ಲ, ಹಿಂದಿಲ್ಲ ಮುಂದಿಲ್ಲ. ಪ್ರತಿ ಹುಣ್ಣಿಮೆ ಅವಳನ್ನು ನಡೆಸಿಕೊಂಡು ಹೋಗುವಾಗ ಮೌನ ಮುರಿದು ಬೈಯುತ್ತಿದ್ದಳು: "ನಿಧಾನ ನಡಿಯವ್ವ ತಾಯಿ, ನಾ ಏನ್ ಮದುವಿಗಿ ಹೊಂಟೀನೇನು?" ಮೇಲೆ ಬಂದು ಕೂತ ಮೇಲೆ ಸೊಂಟದ ಗಂಟು ಬಿಚ್ಚಿ ಶೇಂಗಾ, ಬೆಲ್ಲ ತೆಗೆದು, ನಿನ್ನ ಕೂಸಿಗಿ ಕೊಡು ಅನ್ನುತ್ತಿದ್ದಳು. ಅವಳ ಮೇಲೆ ನನಗೆ ಪ್ರೀತಿ ಇತ್ತು ಆಯಿ. ಇರಲಿಲ್ಲ ಅಂತ ಯಾರೂ ಅನ್ನಬಾರದು.

ಶ್ರಾವಣದ ಕಡೆಯ ವಾರ, ಹೊತ್ತು ಮಾರುದ್ದ ಏರಿರಲಿಲ್ಲ, ಮೇಲಿನ ಕಟ್ಟೆ ಒಡೆಯಿತು. ಗಂಟೆ ಬಿಡದೆ ಹೊಡೆಯತೊಡಗಿತು. ನಾನು ಹೊಲದಲ್ಲಿದ್ದೆ, ಓಡಿದೆ. ಬೇವಿನ ಮರದ ಹತ್ತಿರ ದಾರಿ ಕವಲೊಡೆಯುತ್ತದೆ, ಎಡಕ್ಕೆ ಚಂದಮ್ಮನ ಮನೆ, ಬಲಕ್ಕೆ ನನ್ನದು. ಹುಣ್ಣಿಮೆ ಹುಣ್ಣಿಮೆಗೂ ಎಡಕ್ಕೆ ತಿರುಗಿದ ಕಾಲು ಅಂದು ಬಲಕ್ಕೆ ತಿರುಗಿತು. ಕಾಲಿನ ಮೇಲೆ ಯಾಕೆ ಹಾಕಲಿ, ನಾನೇ ತಿರುಗಿದೆ. ಆ ಕುಡುಕ ಬಂದಿರುವುದಿಲ್ಲ ಅನ್ನುವುದು ಒಂದೇ ತಲೆಯಲ್ಲಿತ್ತು.

ಮನೆ ಖಾಲಿ. ಒಲೆ ಇನ್ನೂ ಉರಿಯುತ್ತಿತ್ತು. ಉಪ್ಪಲಾ, ಉಪ್ಪಲಾ ಎಂದು ಚೀರುತ್ತ ಹೊರಸಿನ ಕೆಳಗೆ ಹುಡುಕಿದೆ, ಜೋಳದ ಗುಮ್ಮಿಯೊಳಗೆ ಕೈ ಹಾಕಿದೆ, ಹಿತ್ತಲಿಗೆ ಓಡಿದೆ, ಮತ್ತೆ ಹೊರಸಿನ ಕೆಳಗೇ ಹುಡುಕಿದೆ. ಎಷ್ಟು ಉಸಿರು ಹೋಯಿತೋ, ಆ ದಿನ ನನಗೆ ಉಸಿರೇ ನೆನಪಿರಲಿಲ್ಲ. ಹೊರಗೆ ಬಂದಾಗ ಬೇವಿನ ಮರದ ಬುಡಕ್ಕೆ ನೀರು ಬಂದಿತ್ತು, ಎಡದ ದಾರಿಯಲ್ಲಿ ಎದೆಮಟ್ಟ ಕೆಂಪು ನೀರು ಹರಿಯುತ್ತಿತ್ತು. ನಾನು ಮೇಲಕ್ಕೆ ಓಡಿದೆ.

ಮೇಲೆ ಉಪ್ಪಲಾ ಕೂತು ಪುಟಾಣಿ ತಿನ್ನುತ್ತಿದ್ದಳು. ಬಸಲಿಂಗ ಗಂಟೆಯ ಮೊದಲ ಏಟಿಗೇ ಬಂದು ಅವಳನ್ನು ಹೆಗಲಿಗೆ ಏರಿಸಿಕೊಂಡಿದ್ದ. ಜಾರುಗಲ್ಲಿನ ಮೇಲೆ ಬಿದ್ದು ಕಾಲು ಮುರಿದಿತ್ತು, ಉಳಿದ ದಾರಿಯನ್ನು ತೆವಳಿಕೊಂಡು ಹತ್ತಿದ್ದ. ಕೂಸಿಗೆ ಒಂದು ತರಚು ಗಾಯವೂ ಇರಲಿಲ್ಲ. ಅವನು ನನ್ನ ಹಿಂದೆ ಯಾರಿದ್ದಾರೆ ಎಂದು ನೋಡಿದ. ಎಲ್ಲರೂ ನೋಡಿದರು. ಚಂದಮ್ಮ ಎಲ್ಲಿ, ಎಂದರು ಭಂತೇಜಿ. "ನೀರು ಅಡ್ಡ ಬಂತು," ಎಂದೆ. ಬಂದದ್ದು ನಿಜವೇ. ನಿಜವನ್ನೇ ಹೇಳಿ ಇಷ್ಟು ದೊಡ್ಡ ಸುಳ್ಳು ಹೇಳಬಹುದು ಅಂತ ನನಗೆ ಅಂದೇ ಗೊತ್ತಾದದ್ದು.

ಮೂರನೆಯ ದಿನ ನೀರು ಇಳಿಯಿತು. ಚಂದಮ್ಮ ಹೊಸ್ತಿಲಲ್ಲೇ ಇದ್ದಳು. ನೀರು ಸೊಂಟಕ್ಕೆ ಬಂದಾಗ ಸೀರೆಯ ಸೆರಗನ್ನು ಬಾಗಿಲ ಚೌಕಟ್ಟಿಗೆ ಕಟ್ಟಿಕೊಂಡಿದ್ದಳು, ನಾನು ಬಂದಾಗ ತಾನು ಅಲ್ಲಿ ಇಲ್ಲದಿದ್ದರೆ ಹೇಗೆ ಎಂದು. ಅವಳ ಮನೆಯ ಹಿಂದೆಯೇ ಮಾಳಿಗೆಗೆ ಏಣಿ ಇತ್ತು. ಕಣ್ಣಿಲ್ಲದಿದ್ದರೂ ಎಷ್ಟೋ ಸಲ ಅದನ್ನು ಹತ್ತಿ ಮೆಣಸಿನಕಾಯಿ ಒಣಗಿಸಿದ್ದಳು. ಹತ್ತಲಿಲ್ಲ. ಅಲುಗಬಾರದು ಅಂತ ನಾವೇ ಕಲಿಸಿದ್ದೆವಲ್ಲ. ಸೊಂಟದ ಗಂಟಿನಲ್ಲಿ ಶೇಂಗಾ ಉಬ್ಬಿತ್ತು, ಬೆಲ್ಲ ಕರಗಿ ಹೋಗಿತ್ತು. ಅಯ್ಯೋ ಆಯಿ, ಆ ಗಂಟು ಬಿಚ್ಚಿದವಳು ನಾನೇ.

ಈಗ ನಾಳೆಯ ಮಾತು. ಮಳೆಗಾಲದ ಮೂರು ತಿಂಗಳು ಒಂದೇ ಕಡೆ ನಿಲ್ಲುವ ವರ್ಷಾವಾಸ ಮುಗಿದ ದಿನ ಭಿಕ್ಷುಗಳು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ: ನನ್ನಲ್ಲಿ ತಪ್ಪು ಕಂಡಿದ್ದರೆ, ಕೇಳಿದ್ದರೆ, ಅನುಮಾನವಿದ್ದರೆ ದಯವಿಟ್ಟು ಹೇಳಿ. ಅದೇ ಪವಾರಣೆ. ನಮ್ಮಲ್ಲಿ ಊರಿಗೆ ಊರೇ ಆ ದಿನ ಕೂರುತ್ತದೆ. ನೆರೆಯಲ್ಲಿ ತನ್ನಿಂದ ಏನು ತಪ್ಪಿತು ಎಂದು ಪ್ರತಿಯೊಬ್ಬರೂ ಎದ್ದು ಹೇಳಬೇಕು. ಶಿಕ್ಷೆ ಇಲ್ಲ, ದಂಡ ಇಲ್ಲ. ತಪ್ಪು ಎಲ್ಲಿದೆಯೋ ಅಲ್ಲಿ ರೂಢಿ ತಿದ್ದುತ್ತಾರೆ. ನನ್ನ ಅಜ್ಜಿಯ ಕಾಲದಲ್ಲಿ ಗಂಟೆ ಕಾಯುವವನು, ನನಗೆ ತೂಕಡಿಕೆ ಬಂದಿತ್ತು ಎಂದು ಒಪ್ಪಿಕೊಂಡ. ಅಂದಿನಿಂದ ಗಂಟೆಗೆ ಇಬ್ಬರು. ಯಾರೂ ಅವನನ್ನು ಆಡಿಕೊಳ್ಳಲಿಲ್ಲವಂತೆ. ಒದ್ದಿದ್ದರೆ ಸುಲಭವಿತ್ತು ಅಂತ ಈಗ ನನಗೆ ಅನ್ನಿಸುತ್ತದೆ.

ಚಂದಮ್ಮ ಸತ್ತಾಗಿನಿಂದ ಊರಲ್ಲಿ ಒಂದೇ ಮಾತು: ಖೇಮವ್ವನಂಥ ಗಟ್ಟಿಗಿತ್ತಿ ಹೋದರೂ ಮುದುಕಿ ಉಳಿಯಲಿಲ್ಲ, ಅಂದಮೇಲೆ ಚೀಟಿ ಯಾತಕ್ಕೆ? ಇನ್ನು ಮುಂದೆ ಅವರವರು ಅವರವರನ್ನು ನೋಡಿಕೊಳ್ಳಲಿ. ನಾಳೆ ಎಲ್ಲರೂ ಕೈ ಎತ್ತಿ ಹಾಗೇ ಮಾಡುತ್ತಾರೆ. ಒಂಟಿ ಮುದುಕರ ಹತ್ತಿರ ಯಾರು ಹೋಗುತ್ತಾರೆ ಎಂದು ಕೇಳಿದರೆ ಯಾರಾದರೂ ಹೋಗುತ್ತಾರೆ ಬಿಡು ಅನ್ನುತ್ತಾರೆ, ನಿನ್ನ ಓಣಿಯ ಏಳು ಜನರ ಹಾಗೆ. ಚೀಟಿ ಸೋಲಲಿಲ್ಲ ಆಯಿ. ಚೀಟಿ ನನ್ನ ಮಗಳನ್ನು ಉಳಿಸಿತು. ನಾನು ಹೊಲದಿಂದ ಓಡಿ ಬರುವಷ್ಟರಲ್ಲಿ ಅವಳು ಆಗಲೇ ಬಸಲಿಂಗನ ಹೆಗಲ ಮೇಲಿದ್ದಳು. ಸೋತವಳು ನಾನು, ಇದು ಗೊತ್ತಿರುವವಳೂ ನಾನೊಬ್ಬಳೇ.

ಇನ್ನೊಂದಿದೆ. ಬಸಲಿಂಗ ಈಗ ನಡೆಯಲಾರ, ಅವನನ್ನೂ ಹೊರಬೇಕು. ನಿನ್ನ ಹೆಗಲು ಖಾಲಿ ಅದ ಅಲ್ಲ ಖೇಮವ್ವ, ಎಂದು ಅವನನ್ನು ನನಗೇ ಒಪ್ಪಿಸಿದರು. ನಿನ್ನೆ ಗಂಜಿ ಕೊಡಲು ಹೋದೆ. ಹೊಸ್ತಿಲ ಮೇಲೆ ಕೂತು ಚೌಕಟ್ಟು ಹಿಡಿದು ಅಭ್ಯಾಸ ಮಾಡುತ್ತಿದ್ದ. ನಾಚಿಕೊಂಡು ನಕ್ಕ. "ನೀ ಇದ್ದಿ ಅಲ್ಲ, ನಂಗೇನು ಚಿಂತಿ ಇಲ್ಲ," ಎಂದ. ಗಂಜಿಯ ಬಟ್ಟಲು ಅವನ ಮುಂದೆ ಇಟ್ಟು ಓಡಿ ಬಂದೆ. ನಾಳೆ ಎದ್ದು ನಿಂತಾಗ ಅವನ ಮುಖ ನೋಡಿಯೇ ಹೇಳುತ್ತೇನೆ. ಉಪ್ಪಲಾಳೂ ಅಲ್ಲೇ ಕೂತಿರುತ್ತಾಳೆ, ಅವಳೂ ಕೇಳಲಿ.

ನಿನ್ನನ್ನು ಕೇಳಿಕೊಳ್ಳುವುದು ಇಷ್ಟೇ. ಬುಟ್ಟಿ ಕುಲುಕುವ ಮೊದಲು ಎರಡು ಮಾತು ಹೇಳು. ಕಾಯುವವರು ನೂರು ಉಸಿರು ಕಾದು, ಆಮೇಲೆ ಕೂಗಲಿ, ತೆವಳಲಿ, ಏಣಿ ಹತ್ತಲಿ; ಸಾಯುವವರೆಗೆ ಕೂರುವುದು ಶೀಲವಲ್ಲ. ಮತ್ತೆ, ಒಂದು ಜೀವಕ್ಕೆ ಒಂದು ಚೀಟಿ ಸಾಲದು, ಎರಡು ಬರೆ, ಇಬ್ಬರ ಕೈಗೆ ಹೋಗಲಿ. ಗಂಟೆಗೆ ಇಬ್ಬರನ್ನು ಇಟ್ಟ ನಾವು ಮನುಷ್ಯರಿಗೆ ಒಬ್ಬರನ್ನೇ ಇಟ್ಟೆವು, ಒಳ್ಳೆಯತನಕ್ಕೆ ತೂಕಡಿಕೆ ಬರುವುದಿಲ್ಲ ಎಂದುಕೊಂಡು. ನಿನ್ನ ವಂಶದವರೆಲ್ಲ ಒಳ್ಳೆಯವರಾಗಿರುತ್ತಾರೆ ಎಂದು ನಂಬಿ ಏನನ್ನೂ ಕಟ್ಟಬೇಡ. ನಾನೂ ನಿನ್ನ ವಂಶದವಳೇ.

ನಾಳೆ ಎಲ್ಲವನ್ನೂ ಹೇಳುತ್ತೇನೆ, ಅದಕ್ಕೆ ಮಾತು ಕೊಡುತ್ತೇನೆ. ಆದರೆ ಮತ್ತೆ ಗಂಟೆ ಹೊಡೆದು, ಉಪ್ಪಲಾ ಎಲ್ಲಿದ್ದಾಳೋ ಗೊತ್ತಿಲ್ಲದೆ ಬೇವಿನ ಮರದ ಹತ್ತಿರ ನಿಂತಾಗ, ಬಸಲಿಂಗನ ಮನೆಯ ಕಡೆಗೇ ತಿರುಗುತ್ತೇನೆ ಎಂದು ನಿನ್ನ ಮೇಲೆ ಆಣೆ ಇಟ್ಟು ಹೇಳಲಾರೆ. ಅದಕ್ಕೇ ಕೇಳುತ್ತಿದ್ದೇನೆ ಆಯಿ, ಅದೇ ಹೆಸರು ಇನ್ನೊಬ್ಬರ ಕೈಗೂ ಬರಲಿ.

ಖೇಮವ್ವ