ಕರಡಿಗೆಯಲ್ಲಿ ಹಳ್ಳದ ಕಲ್ಲು

ಮೈಂದರ್ಗಿ
೩ ಜೂನ್ ೧೯೩೦, ಮಂಗಳವಾರ

ಹಾಲು ಕಾಯಲು ಇಟ್ಟಿದ್ದೇನೆ. ಉಕ್ಕುವಷ್ಟರಲ್ಲಿ ನಾಲ್ಕು ಸಾಲು. ಅತ್ತೆ ಹಿತ್ತಲಲ್ಲಿ ಕುಳ್ಳು ತಟ್ಟುತ್ತಿದ್ದಾರೆ.

ಇವತ್ತೂ ಪೂಜೆ ಮಾಡಿದೆ. ಪೂಜೆ ಎಂದು ಬರೆಯಲು ನಾಚಿಕೆ. ಅಂಗೈ ಮೇಲೆ ಹಳ್ಳದ ಕಲ್ಲು ಇಟ್ಟುಕೊಂಡು, ವಿಭೂತಿ ಹಚ್ಚಿ, ಮೇಲೆ ಸೆರಗು ಮುಚ್ಚಿ ಕೂತೆ. ಆಮೇಲೆ ಎರಡು ಜೋಳದ ಭಕ್ಕರಿ ಉಂಡೆ. ಐದು ತಿಂಗಳ ಬಸುರಿ, ಉಣ್ಣದೆ ಎಲ್ಲಿಗೆ ಹೋಗಲಿ... ಲಿಂಗ ಕಳೆದುಕೊಂಡವಳು ಹೊಸದು ಧರಿಸುವ ತನಕ ತುತ್ತು ಎತ್ತಬಾರದು. ನಾನು ದಿನಾ ಎತ್ತುತ್ತಿದ್ದೇನೆ.

ಬಿದ್ದದ್ದು ಸೋಲಾಪುರ ಸ್ಟೇಷನ್ನಿನಲ್ಲೇ ಇರಬೇಕು. ಮಾರ್ಷಲ್ ಲಾ ಅಂದ ಕೂಡಲೇ ಮಿಲ್ಲಿನವರ ನಮ್ಮ ಚಾಳಿಗೆ ಚಾಳೇ ಗಂಟು ಕಟ್ಟಿತ್ತು. ಪ್ಲಾಟ್‌ಫಾರಂ ಮೇಲೆ ಯಾರದೋ ಟ್ರಂಕಿನ ಮೂಲೆ ಎದೆಗೆ ಬಡಿಯಿತು. ಲಿಂಗವಿಡುವ ಕರಡಿಗೆಯ ಮುಚ್ಚಳ ಮೊದಲೇ ಸಡಿಲ. ದುಧನಿಯಲ್ಲಿ ಇಳಿದು ಎದೆ ಮುಟ್ಟಿಕೊಂಡರೆ ಕರಡಿಗೆ ಕೊರಳಲ್ಲೇ ಇದೆ, ಒಳಗೆ ಏನೂ ಇಲ್ಲ. ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಮೈಂದರ್ಗಿ ದಾರಿಯಲ್ಲಿ ಎತ್ತಿನ ಗಾಡಿ ಹಳ್ಳದ ಹತ್ತಿರ ನಿಂತಾಗ ಒಂದು ಕರಿ ಕಲ್ಲು ಆರಿಸಿ ತುಂಬಿದೆ.

ಅತ್ತೆಗೆ ಓದು ಬಾರದು. ಇವರು ಕಲಿತದ್ದು ಮರಾಠಿ ಶಾಲೆಯಲ್ಲಿ, ಕನ್ನಡ ಮಾತಿಗಷ್ಟೆ. ನನಗೆ ಅಪ್ಪ ಮನೆಯಲ್ಲಿ ಕಲಿಸಿದ್ದು. ಹಾಗಾಗಿ ಬರೆಯುವ ಧೈರ್ಯ.

ಹಾಲು —

೫ ಜೂನ್, ಗುರುವಾರ

ಮಂಗಳೂರಿನಿಂದ ಅಮೃತಪ್ಪನವರ ಕಾಗದ ಬಂತು. ಇವರ ಜೊತೆ ಸೋಲಾಪುರದ ಮಿಲ್ಲಿನಲ್ಲಿದ್ದವರು, ಹೋಗಿ ಎರಡು ವರ್ಷ. ಅಲ್ಲಿನ ನೇಯ್ಗೆ ಕಾರ್ಖಾನೆಗೆ ನೇಕಾರರ ಮೇಲೆ ಕಣ್ಣಿಡಲು ಒಬ್ಬ ಜಾಬರ್ ಬೇಕಂತೆ. ಈ ತಿಂಗಳೊಳಗೇ ಬಾ ಎಂದಿದ್ದಾರೆ. ಮಿಲ್ ನಿಂತಾಗಿನಿಂದ ಮುಖ ಇಳಿಬಿಟ್ಟುಕೊಂಡು ಕೂತಿದ್ದ ಮನುಷ್ಯ ಇವತ್ತು ಶಿಳ್ಳೆ ಹಾಕಿದರು.

ಅದು ಎಲ್ಲಿದೆ ಎಂದು ಅತ್ತೆ ಕೇಳಿದರು. ರಾಯಚೂರಿನಲ್ಲಿ ರೈಲು ಬದಲಿಸಬೇಕು, ಮದ್ರಾಸಿನ ಕಡೆ ಸುತ್ತಿ ಹೋಗಬೇಕು, ಹಳಿ ಮುಗಿಯುವ ಕಡೆ ಸಮುದ್ರ ಎಂದರು ಇವರು. ನಾನು ನೋಡಿದ ದೊಡ್ಡ ನೀರೆಂದರೆ ಸೋಲಾಪುರದ ಸಿದ್ಧೇಶ್ವರನ ಕೆರೆ. ಅದಕ್ಕೂ ಆಚೆ ದಂಡೆ ಇದೆ.

ಅತ್ತೆ ಭಕ್ಕರಿ ತಿರುವುತ್ತಲೇ ಹೇಳಿದರು: "ನೀ ಹೋಗು ಕಲ್ಲಣ್ಣ. ನಾಗವ್ವ ಇಲ್ಲೇ ಇರ್ಲಿ. ಬಾಣಂತನ ಆಗ್ಲಿ, ಆಮ್ಯಾಲ ನೋಡೂಣು."

ಇವರು ತೊಲೆ ನೋಡುತ್ತ ಕೂತರು.

ಆಮ್ಯಾಲ ನೋಡೂಣು. ಚಾಳಿನಲ್ಲಿ ನಮ್ಮ ಪಕ್ಕದ ಖೋಲಿಯ ಚಂದ್ರಭಾಗಾಗೂ ಅವಳ ಅತ್ತೆ ಇದೇ ಮಾತು ಹೇಳಿದ್ದು. ಗಂಡ ಮುಂಬಯಿಗೆ ಹೋದ. ಮೊದಲು ತಿಂಗಳಿಗೊಂದು ಕಾಗದ, ಆಮೇಲೆ ಹಬ್ಬಕ್ಕೊಂದು. ಆಮೇಲೆ ಊರವರು ಬಂದು ಹೇಳಿದರು — ಅಲ್ಲಿ ಮನೆ ಮಾಡಿದ್ದಾನೆ, ಇಬ್ಬರು ಮಕ್ಕಳಿದ್ದಾರೆ. ಈಗಲೂ ರೈಲಿನ ಸದ್ದಾದರೆ ಬಾಗಿಲಿಗೆ ಬರುತ್ತಾಳೆ.

ಸಮುದ್ರಕ್ಕೆ ಹೆದರುತ್ತೇನೆ. ಇಲ್ಲಿ ಉಳಿಯಲು ಅದಕ್ಕಿಂತ ಹೆದರುತ್ತೇನೆ.

೮ ಜೂನ್, ಭಾನುವಾರ

ಹನ್ನೂರಿನಿಂದ ದ್ರೌಪದಿ ಬಂದಳು. ಅತ್ತೆಯ ತಮ್ಮನ ಮಗಳು. ಹದಿನಾರರ ಹುಡುಗಿ, ನೇರ ಜಡೆ, ಕೆಲಸದಲ್ಲಿ ಚುರುಕು. ಬಸುರಿಗೆ ಕೈನೆರವು ಎಂದು ಕರೆಸಿದ್ದಾರಂತೆ. ಬಂದವಳೇ ಇವರ ಧೋತರ ಒಗೆಯಲು ತೆಗೆದುಕೊಂಡಳು.

ಮಧ್ಯಾಹ್ನ ಅಕ್ಕಿ ಆರಿಸುತ್ತಾ ಕೇಳಿದಳು, "ಅಕ್ಕಾ, ಸಮುದ್ರದ ನೀರು ಖರೇನ ಉಪ್ಪ ಇರ್ತೈತೇನ್ರಿ?"

ಇರುತ್ತದಂತೆ ಎಂದೆ. ನಿನಗ್ಯಾಕೆ ಅದೆಲ್ಲ ಎಂದೆ.

"ಅತ್ತಿ ಅಂದಾರ, ಮುಂದ ನಾನೂ ನೋಡ್ತೀನಂತ."

ಹುಡುಗಿಗೆ ಕಪಟ ತಿಳಿಯದು. ಅಂದು ಮುಗಿಸಿ ಕಲ್ಲು ಹೆಕ್ಕತೊಡಗಿದಳು. ನನ್ನ ಕೈಯ ಅಕ್ಕಿ ನೆಲದ ಪಾಲಾಯಿತು. ಹೊಟ್ಟೆಯಲ್ಲಿ ಇವರ ಕೂಸು ಇಟ್ಟುಕೊಂಡು ಕೂತಿದ್ದೇನೆ, ನನ್ನ ಜಾಗಕ್ಕೆ ಆಗಲೇ ಆಳು ಬಂದಿದೆ.

೯ ಜೂನ್, ಸೋಮವಾರ

ಇವರನ್ನು ಕೇಳಿಯೇ ಬಿಟ್ಟೆ. ನಾನೂ ಬರುತ್ತೇನೆ, ಇಲ್ಲಿ ಬಿಡಬೇಡಿ ಎಂದೆ. ನೋಡೂಣು ಎಂದರು. ತಾಯಿ ಮಗ ಇಬ್ಬರಿಗೂ ಒಂದೇ ಮಾತು.

ಅತ್ತೆ ಇನ್ನೊಂದು ಸುದ್ದಿ ಹೇಳಿದರು. ಬರುವ ಸೋಮವಾರ ಬಸಯ್ಯನವರು ಮನೆಗೆ ಬರುತ್ತಾರೆ, ನಮ್ಮ ಮನೆತನದ ಅಯ್ಯನವರು. ಇವರು ಹೊರಡುವ ಮೊದಲು ಪಾದಪೂಜೆ. ಮನೆಮಂದಿಯೆಲ್ಲ ಸಾಲಾಗಿ ಕೂತು ಲಿಂಗವನ್ನು ಅಂಗೈ ಮೇಲೆ ಇಡಬೇಕು, ಅಯ್ಯನವರು ಒಬ್ಬೊಬ್ಬರ ಕೈ ಮೇಲೂ ನೀರು ಹಾಕುತ್ತಾರೆ, ಅದನ್ನೇ ತೀರ್ಥವೆಂದು ಕುಡಿಯಬೇಕು.

ಬೇರೆಯವರ ಮನೆಯಲ್ಲಾದರೆ ಸೂತಕ, ಮೈಲಿಗೆ ಎಂದು ದೂರ ಕೂರುವ ನೆಪವಾದರೂ ಇದೆ. ನಮ್ಮಲ್ಲಿ ಅದೂ ಇಲ್ಲ. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ಅಪ್ಪ ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದ. ಆ ಹೆಮ್ಮೆ ಈಗ ನನ್ನ ಕುತ್ತಿಗೆಗೆ ಬಂದಿದೆ.

ಗೊತ್ತಾದರೆ ಮುಗಿಯಿತು. ಲಿಂಗ ಕಳೆದುಕೊಂಡು ತಿಂಗಳಿಡೀ ಉಂಡವಳನ್ನು ಯಾರು ಕಟ್ಟಿಕೊಂಡು ಹೋಗುತ್ತಾರೆ? ಅತ್ತೆಗೆ ಬೇರೆ ಕಾರಣವೇ ಬೇಡ.

೧೧ ಜೂನ್

ಕಲ್ಲಿಗೆ ದೀಪದ ಕಾಡಿಗೆ, ಹರಳೆಣ್ಣೆ ಕಲಸಿ ಬಳಿದೆ. ನೋಡಲು ಬರೋಬರಿ ಲಿಂಗವೇ. ನೀರು ಹನಿಸಿದೆ. ಬಣ್ಣ ಬೆರಳಿಗೆಲ್ಲ ಇಳಿಯಿತು. ಅಯ್ಯನವರು ಸುರಿಯುವುದು ಹನಿಯಲ್ಲ, ಚೊಂಬು.

ಬೆರಳೇಕೆ ಕಪ್ಪಗಿದೆ ಎಂದು ಅತ್ತೆ ಕೇಳಿದರು. ಕೂಸಿಗೆ ಕಾಡಿಗೆ ಮಾಡಿಡುತ್ತಿದ್ದೇನೆ ಎಂದೆ. ಹುಟ್ಟದ ಕೂಸಿನ ಹೆಸರಿನಲ್ಲಿ ಸುಳ್ಳು. ಬೆಳಗಿನಿಂದ ಹೊಟ್ಟೆಯಲ್ಲಿ ಅಲುಗಾಟ ಇರಲಿಲ್ಲ. ಶಿವನು ಲೆಕ್ಕ ಚುಕ್ತಾ ಮಾಡಿದ ಎಂದುಕೊಂಡೆ. ದೀಪ ಹಚ್ಚುವಾಗ ಒದೆಯಿತು. ಒಲೆಯ ಮುಂದೆ ಕೂತು ಸಾಕಾಗುವಷ್ಟು ಅತ್ತುಬಿಟ್ಟೆ. ಹೊಗೆ ಎಂದು ಹೇಳಿದೆ.

೧೪ ಜೂನ್, ಶನಿವಾರ

ಇವರಿಗಾದರೂ ಹೇಳಿಬಿಡೋಣ ಎಂದು ಬಾವಿಯ ಹತ್ತಿರ ಹೋದೆ. ದಾಡಿ ಮಾಡಿಕೊಳ್ಳುತ್ತಿದ್ದರು. ಒಂದು ಮಾತಿದೆ ಎಂದೆ. ಪೂಜೆ ಗೀಜೆಯ ಸುದ್ದಿಯಾದರೆ ತೆಗೆಯಬೇಡ, ಸೋಮವಾರ ದುಧನಿಗೆ ಟಿಕೆಟ್ ವಿಚಾರಿಸಲು ಹೋಗುತ್ತೇನೆ ಎಂದರು. ಅಷ್ಟರಲ್ಲಿ ಅತ್ತೆ ಬಂದು ಮಗನಿಗೆ ಚೆನ್ನಾಗಿ ಬೈದರು. ನಿನ್ನ ಸಲುವಾಗಿಯೇ ಪೂಜೆ, ನೀನೇ ಓಡಿದರೆ ಹೇಗೆ ಎಂದು.

ನಾನು ಕೊಡ ತುಂಬಿಕೊಂಡು ಒಳಗೆ ಬಂದೆ.

೧೬ ಜೂನ್, ಸೋಮವಾರ. ಬೆಳಗ್ಗೆ

ಅಯ್ಯನವರು ಬಂದರು. ಪಡಸಾಲೆಯಲ್ಲಿ ಕಂಬಳಿ ಹಾಸಿದೆ. ದ್ರೌಪದಿ ಪತ್ರೆ ತೊಳೆಯುತ್ತಿದ್ದಾಳೆ.

ಕಲ್ಲನ್ನು ಈಗಷ್ಟೇ ಹಿತ್ತಲ ಗೋಡೆಯಾಚೆ ಎಸೆದು ಬಂದೆ. ಕಾಡಿಗೆ ನೀರನ್ನು ತೀರ್ಥವೆಂದು ಹೊಟ್ಟೆಯ ಕೂಸಿಗೆ ಕುಡಿಸಲು ನನ್ನಿಂದ ಆಗದು. ಹೆದರಿಕೆಗೂ ಒಂದು ಮಿತಿ ಇದೆ ಎಂದುಕೊಂಡಿದ್ದೆ. ಇಲ್ಲ. ಎಸೆದ ಮೇಲೆ ಇನ್ನೂ ಹೆಚ್ಚಾಗಿದೆ.

ಅದೇ ದಿನ, ಸಂಜೆ

ಬರೆಯಬೇಕು. ಬರೆಯದಿದ್ದರೆ ತಲೆ ಕೆಡುತ್ತದೆ.

ಸಾಲಾಗಿ ಕೂತೆವು. ಅತ್ತೆ, ದ್ರೌಪದಿ, ನಾನು. ಇವರು ಗಾಡಿಯ ಗಾಲಿ ನೋಡಿ ಬರುತ್ತೇನೆಂದು ಹೊರಗೇ ಉಳಿದಿದ್ದರು. ಬಸಯ್ಯನವರಿಗೆ ವಯಸ್ಸಾಗಿದೆ, ಕಣ್ಣಿಗೆ ಪೊರೆ. ನನ್ನ ಮುಂದೆ ಬಂದು ಚೊಂಬು ಎತ್ತಿದರು. ನಾನು ಕರಡಿಗೆ ತೆರೆದು ಬೋರಲು ಹಾಕಿ ತೋರಿಸಿದೆ.

"ಇಲ್ರಿ ಅಯ್ಯಾವರ. ಸೋಲಾಪುರ ಸ್ಟೇಷನ್ನಾಗ ಬಿದ್ದೈತಿ."

ಯಾರೂ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ಅತ್ತೆ ನಿಧಾನಕ್ಕೆ ಕೇಳಿದರು, "ತಿಂಗಳಾತಲ್ಲ. ಉಂಡಿಯೇನು?"

"ಉಂಡೀನ್ರಿ."

ದ್ರೌಪದಿ ತನ್ನ ಪತ್ರೆಯ ತಟ್ಟೆಯನ್ನು ನನ್ನ ಕಡೆಯಿಂದ ಅತ್ತ ಸರಿಸಿಕೊಂಡಳು. ಅಯ್ಯನವರು ಚೊಂಬು ಕೆಳಗಿಟ್ಟು, ಇವತ್ತು ಏನೂ ಬಾಯಿಗೆ ಹಾಕಬೇಡ, ನಾಳೆ ಬೆಳಗ್ಗೆ ಹೊಸ ಲಿಂಗ ಕೊಡುತ್ತೇನೆ, ಗಂಡ ಪಕ್ಕದಲ್ಲಿ ಕೂರಬೇಕು ಎಂದರು. ಬೈಯಲಿಲ್ಲ. ಪೂಜೆ ಅಲ್ಲಿಗೇ ನಿಂತಿತು.

ಇವರು ಒಳಗೆ ಬಂದರು. ಅತ್ತೆ ಎಲ್ಲ ಹೇಳಿದರು. ಇವರ ಮುಖ ನೋಡಿದೆ, ಒಂದಿಷ್ಟು ಕನಿಕರ ಸಿಕ್ಕೀತೇನೋ ಎಂದು. ಅಯ್ಯನವರ ಎದುರಿಗೇ ಹೇಳಿದರು:

"ಲಿಂಗ ಇಲ್ದ ಉಂಡಾಕಿ ನನ್ನ ಮನಿ ಹ್ಯಾಂಗ ನಡಸ್ತಾಳ? ಅವ್ವ ಹೇಳೂದು ಖರೆ ಐತಿ. ಇಕಿ ಇಲ್ಲೇ ಇರ್ಲಿ."

ಆಯಿತಲ್ಲ. ತಿಂಗಳಿಂದ ಯಾವುದಕ್ಕೆ ಹೆದರಿ ಕಲ್ಲು ಪೂಜಿಸಿದೆನೋ ಅದೇ ಆಯಿತು. ಆಚೆ ಖೋಲಿಯಲ್ಲಿ ದ್ರೌಪದಿ ಟ್ರಂಕಿನಿಂದ ನನ್ನ ಸೀರೆ ತೆಗೆದು ಗೂಟಕ್ಕೆ ಹಾಕುತ್ತಿದ್ದಾಳೆ. ನೀಟಾಗಿ ಮಡಚುತ್ತಾಳೆ, ಅದನ್ನು ಹೇಳಲೇಬೇಕು.

೧೭ ಜೂನ್, ಮಂಗಳವಾರ. ಮಧ್ಯಾಹ್ನ

ಉಪವಾಸ ಮುಗಿಯಿತು, ಈಗ ಉಂಡಿದ್ದೇನೆ.

ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು ಕೂತೆ. ಬಸಯ್ಯನವರು ಕಿವಿಯಲ್ಲಿ ಮಂತ್ರ ಹೇಳಿ ಹೊಸ ಲಿಂಗವನ್ನು ಅಂಗೈಗೆ ಇಟ್ಟರು. ಎಷ್ಟು ತಣ್ಣಗಿತ್ತು. ಎಲ್ಲರೆದುರು ಅತ್ತುಬಿಟ್ಟೆ. ಇನ್ನು ಉಣ್ಣಬಹುದು, ಸತ್ತರೂ ಸರಿಯಾಗಿ ಸಾಯಬಹುದು ಎನ್ನಿಸಿತು.

ಆಮೇಲೆ ಅಯ್ಯನವರು ಇವರಿಗೂ ಲಿಂಗ ಹಿಡಿಯಲು ಹೇಳಿದರು. ನನ್ನ ಪೂಜೆ ಬೆಳಗ್ಗೆಯೇ ಆಗಿದೆ ಎಂದರು ಇವರು. ಮತ್ತೊಮ್ಮೆ ಆಗಲಿ ಎಂದರು ಅಯ್ಯನವರು. ಇವರು ಮಗ್ಗುಲಿಗೆ ತಿರುಗಿ ಕರಡಿಗೆ ತೆರೆದರು. ಅಂಗೈ ಮುಂದೆ ಬಂದಾಗ ಮೇಲೆ ಬಿಲ್ವಪತ್ರೆ ಆಗಲೇ ಕೂತಿತ್ತು. ಅಯ್ಯನವರು ಚೊಂಬು ಬಗ್ಗಿಸಿದರು. ಪತ್ರೆ ನೀರಿನ ಜೊತೆ ಜಾರಿ ಹೋಯಿತು.

ಅಂಟವಾಳದ ಬೀಜ.

ಕಪ್ಪಗೆ, ಮಿರಮಿರ ಮಿಂಚುತ್ತ, ತುದಿಯಲ್ಲಿ ಆ ಬಿಳಿ ಕಣ್ಣು. ತಲೆ ತೊಳೆಯುವ ಯಾವ ಹೆಂಗಸಿಗೂ ಅದು ತಪ್ಪುವುದಿಲ್ಲ. ಅಯ್ಯನವರಿಗೆ ಕಣ್ಣು ಕಾಣದು. ಅತ್ತೆ ತಲೆ ಬಗ್ಗಿಸಿ ಕೈಮುಗಿದಿದ್ದರು. ದ್ರೌಪದಿ ಆರತಿಗೆ ಎದ್ದಿದ್ದಳು. ನೋಡಿದ್ದು ನಾನೊಬ್ಬಳೇ. ನಾನು ನೋಡಿದ್ದನ್ನು ಇವರು ನೋಡಿದರು.

ಬೀಜ ಬಳಸಿ ಬಳಸಿ ಒಂದು ಮಗ್ಗುಲು ಸವೆದಿತ್ತು. ನಿನ್ನೆ ಮೊನ್ನೆಯದಲ್ಲ. ಮದುವೆಗೂ ಮೊದಲಿನದೋ ಏನೋ... ಐದು ವರ್ಷ ಈ ಕೈಗೆ ನಾನೇ ಪತ್ರೆ ಕೊಟ್ಟಿದ್ದೇನೆ. ನಿನ್ನೆ ಹೇಳಿದ ಮಾತು ನೆನಪಾಗಿ ಸಿಟ್ಟು ನೆತ್ತಿಗೇರಿತು. ಬೆನ್ನಲ್ಲೇ ನಗು ಬಂತು. ಸೆರಗು ಬಾಯಿಗೆ ಒತ್ತಿದೆ. ಅಳುತ್ತಿದ್ದಾಳೆ ಎಂದುಕೊಂಡು ಅತ್ತೆ ಬೆನ್ನು ಸವರಿದರು.

ಯಾಕೆ ಹೇಳಲಿಲ್ಲ? ನನ್ನದನ್ನು ಅಷ್ಟು ಜನರೆದುರು ಹೇಳಿದ ಬಾಯಿಗೆ ಇವರದು ಯಾಕೆ ಬರಲಿಲ್ಲ? ಗೊತ್ತಿಲ್ಲ. ಹೆದರಿಕೆಯೇ ಇರಬೇಕು. ಅಥವಾ ಒಳಗೊಂದು ಬುದ್ಧಿ, ಇದು ಕೆಲಸಕ್ಕೆ ಬಂದೀತು ಎಂದಿತೋ.

ಊಟ ಆದ ಮೇಲೆ ಇವರು ಅಡಿಗೆಮನೆಗೆ ಬಂದರು. ಎಂದೂ ಬಂದವರಲ್ಲ. ನೀರು ಕುಡಿದರು. ಗೋಡೆ ನೋಡಿಕೊಂಡು ಹೇಳಿದರು, "ಸಾಮಾನ ಕಟ್ಟಿಕೋ."

ಯಾರ ಸಾಮಾನು ಎಂದೆ.

"ನಿಂದು. ನಾಡ್ದ ಬೆಳಿಗ್ಗೆ ಗಾಡಿ ಐತಿ."

೧೮ ಜೂನ್

ಅತ್ತೆ ಮಾತು ಬಿಟ್ಟಿದ್ದಾರೆ. ಅಲ್ಲಿ ಅಡಿಗೆಗೆ ಯಾರೂ ಇಲ್ಲ ಎಂದು ಇವರು ಅಂದದ್ದು ಅವರಿಗೆ ಹಿಡಿಸಲಿಲ್ಲ. ದ್ರೌಪದಿ ಸೀರೆಗಳನ್ನೆಲ್ಲ ಮತ್ತೆ ಟ್ರಂಕಿಗೆ ತುಂಬಿದಳು. ಸಮುದ್ರ ಹೇಗಿತ್ತು ಎಂದು ಬರೆಯಿರಿ ಅಕ್ಕಾ ಎಂದಳು. ಪಾಪ ಅನ್ನಿಸಿತು. ಅವಳಿಗೂ ಯಾರೂ ಏನೂ ಹೇಳಿಲ್ಲ.

ಗೆದ್ದೆ ಅನ್ನಬೇಕು. ಗೆದ್ದವಳಂತೆ ಅನ್ನಿಸುತ್ತಿಲ್ಲ.

೧೯ ಜೂನ್, ಗುರುವಾರ. ದುಧನಿ ಸ್ಟೇಷನ್

ಟ್ರಂಕಿನ ಮೇಲೆ ಕೂತು ಬರೆಯುತ್ತಿದ್ದೇನೆ. ರೈಲು ತಡವಂತೆ. ಇವರು ಟಿಕೆಟ್ಟಿಗೆ ಹೋಗಿದ್ದಾರೆ.

ದಾರಿಯಲ್ಲಿ ನನ್ನ ಬರವಣಿಗೆ ಬಗ್ಗೆ ಒಂದೇ ಸಲ ಕೇಳಿದರು, ಅದರಲ್ಲಿ ಏನಿದೆ ಎಂದು. ಹಾಲು ಮೊಸರಿನ ಲೆಕ್ಕ ಎಂದೆ. ಮಂಗಳೂರಿನಲ್ಲಿ ಎಲ್ಲರೂ ಕನ್ನಡ ಓದುತ್ತಾರಂತೆ ಎಂದರು. ಆಮೇಲೆ ಎತ್ತು ಹೊಡೆಯುವವನ ಜೊತೆ ಮಳೆಯ ಸುದ್ದಿ ಮಾತಾಡಿದರು.

ಇವರು ಹೊಡೆಯುವ ಮನುಷ್ಯ ಅಲ್ಲ. ಒಂದು ದಿನವೂ ಕೈ ಎತ್ತಿಲ್ಲ. ಆದರೆ ವರ್ಷಗಟ್ಟಲೆ ಬೀಜ ಹಿಡಿದು ಕಣ್ಣು ಮುಚ್ಚಿ ಕೂರಬಲ್ಲವರು ಇನ್ನು ಏನೇನು ಮಾಡಿ ಸುಮ್ಮನೆ ಕೂರಬಲ್ಲರು? ನಾನೂ ಒಂದು ತಿಂಗಳು ಕೂತೆ, ನಿಜ. ಆದರೆ ನಾನು ದಿನಾ ಸಾಯುತ್ತಿದ್ದೆ. ಇವರು ಶಿಳ್ಳೆ ಹಾಕುತ್ತಿದ್ದರು.

ಮಂಗಳೂರಿನಲ್ಲಿ ಅತ್ತೆ ಇಲ್ಲ, ಅಯ್ಯನವರಿಲ್ಲ, ನಮ್ಮ ಜನ ಇಲ್ಲ. ಬಿಟ್ಟು ಹೋಗುತ್ತಾರೆಂದು ಹೆದರಿದ್ದೆ. ಕರೆದುಕೊಂಡು ಹೋಗುತ್ತಾರೆಂದು ಹೆದರಬೇಕಾದೀತು ಎಂದು ತಿಳಿದಿರಲಿಲ್ಲ.

ಅಲ್ಲೇ, ಸ್ವಲ್ಪ ಹೊತ್ತಾದ ಮೇಲೆ

ಬಂದರು. ಎರಡು ಟಿಕೆಟ್. ಕೈಯಲ್ಲಿ ನನಗೆಂದು ಪೇರಲಹಣ್ಣು. ಐದು ವರ್ಷದಲ್ಲಿ ಮೊದಲ ಸಲ. ಉಪ್ಪು ಕೂಡ ಕೇಳಿ ತಂದಿದ್ದಾರೆ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಮೆಲ್ಲಗೆ, ಕೂಸನ್ನು ಮಾತಾಡಿಸುವ ದನಿಯಲ್ಲಿ ಕೇಳಿದರು:

"ಯಾರ ಮುಂದೂ ಹೇಳಿಲ್ಲಲ್ಲ?"

ಇಲ್ಲ ಎಂದೆ. ನಿಜವನ್ನೇ ಹೇಳಿದೆ.

"ಚೊಲೋ ಆತು. ಚೊಲೋ ಮಾಡಿದಿ."

ಮುಖ ಒಮ್ಮೆಲೇ ಅರಳಿತು. ಎದ್ದು ಹಳಿ ನೋಡಲು ಹೋದರು. ಮತ್ತೆ ಶಿಳ್ಳೆ.

ನಾನು ತಪ್ಪಿದೆ. ಹೇಳಿದ್ದೇನೆ ಅನ್ನಬೇಕಿತ್ತು. ಅಯ್ಯನವರಿಗೆ, ದ್ರೌಪದಿಗೆ, ಯಾರಿಗಾದರೂ ಸರಿ, ಒಬ್ಬರಿಗೆ ಹೇಳಿ ಬಂದಿದ್ದೇನೆ ಅನ್ನಬೇಕಿತ್ತು. ಈಗ ಗೊತ್ತಿರುವುದು ನಮ್ಮಿಬ್ಬರಿಗೇ ಎಂದು ಇವರಿಗೆ ಖಾತ್ರಿಯಾಯಿತು. ನಾನಿಲ್ಲದಿದ್ದರೆ ಇವರೊಬ್ಬರಿಗೇ. ಗಾಡಿಯವನು ಇನ್ನೂ ಬೇವಿನ ಮರದ ಕೆಳಗೆ ಎತ್ತಿಗೆ ನೀರು ಕುಡಿಸುತ್ತಿದ್ದಾನೆ. ಮೈಂದರ್ಗಿಗೇ ಹಿಂದಿರುಗುತ್ತಾನೆ. ಅಲ್ಲಿಗೆ ನಡೆದು ಹೋಗಿ ಒಂದು ಮಾತು...

ಹೊಗೆ ಕಾಣಿಸುತ್ತಿದೆ. ಜನ ಎದ್ದರು. ಇವರು ಬಂದು ನನ್ನ ಟ್ರಂಕು ಎತ್ತಲು ನಿಂತಿದ್ದಾರೆ, ಏಳು ಎನ್ನುತ್ತಿದ್ದಾರೆ, ನಗುತ್ತಾ. ಗಾಡಿಯವನು ನೊಗ ಎತ್ತಿದ. ಏಳುತ್ತೇನೆ. ಎದ್ದು ಯಾವ ಕಡೆ —