ಅಣ್ಣನ ಎರಡು ಮೆಷಿನ್‌ಗಳು

ಮನೆಯಿಂದ
ಮಾರ್ಚ್ ೧೧, ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಪಿಟೀಲೂ,

ಹೇಗಿದ್ದೀಯ ಮಗಳೇ? ಹಡಗಿನ ಎಂಜಿನ್ ರೂಮಿನ ಸೆಕೆಗೆ ಕತ್ತಿನ ಸುತ್ತ ಎದ್ದಿದ್ದ ಬೊಕ್ಕೆಗಳು ಒಣಗಿದವಾ? ಕಿವಿಗೆ ಹಾಕಿಕೊಳ್ಳೋದನ್ನ ಮಾತ್ರ ಒಂದು ದಿನವೂ ಬಿಡಬೇಡ. ಮೂವತ್ತು ವರ್ಷ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಬಾರಿಸುತ್ತಾ ಸಿಂಬಲ್ ಪಕ್ಕ ಕೂತು ಎಡಗಿವಿ ಮಂದ ಮಾಡಿಕೊಂಡವನು ಹೇಳ್ತಿದ್ದೀನಿ, ಕೇಳು. ಇಲ್ಲಿ ನಾವಿಬ್ಬರೂ ಇದ್ದೇವೆ. ನಿಮ್ಮಮ್ಮನ ಮಂಡಿನೋವು ಹಾಗೇ ಇದೆ. ಮೆಟ್ಟಿಲಿಳಿಯುವಾಗ ಒಂದೊಂದು ಮೆಟ್ಟಿಲಿಗೂ ನನ್ನನ್ನೇ ಬೈತಾಳೆ, ನಾನೇ ಕಟ್ಟಿಸಿದ ಹಾಗೆ. ನನ್ನ ಕೈ ನಡುಕ ಹೆಚ್ಚೂ ಆಗಿಲ್ಲ, ಕಡಿಮೆಯೂ ಆಗಿಲ್ಲ. ಅಕ್ಷರ ಸೊಟ್ಟಗಿದ್ದರೆ ಅದಕ್ಕೇ. ಅಪ್ಪ ಅಳುತ್ತಾ ಬರೆದಿದ್ದಾನೆ ಅಂತ ಅಂದುಕೊಳ್ಳಬೇಡ.

ನಿನ್ನ ಕಾಗದ ಬಂದು ಮೂರು ವಾರವಾಯಿತು. "ಅಣ್ಣನ ಎರಡು ಮೆಷಿನ್‌ಗಳಲ್ಲಿ ಒಂದನ್ನ ಕಳಿಸಪ್ಪ, ನನ್ನ ಕ್ಯಾಬಿನ್‌ನಲ್ಲಿ ಎರಡಕ್ಕೆ ಜಾಗವಿಲ್ಲ, ಯಾವುದು ಅಂತ ನೀನೇ ನೋಡು" ಅಂತ ಬರೆದಿದ್ದೆ. ಅವನು ನಮ್ಮನ್ನ ಬಿಟ್ಟು ಹೋಗಿ ಐದು ತಿಂಗಳು. ಅವನ ಕೋಣೆಯ ಬಾಗಿಲನ್ನ ನಾವು ತೆಗೆದೇ ಇರಲಿಲ್ಲ. ಇವತ್ತು ನೀನು, ನಾಳೆ ನಾನು ಅಂತ ಒಬ್ಬರ ಮೇಲೊಬ್ಬರು ಹಾಕಿಕೊಂಡು ದಿನ ತಳ್ಳಿದ್ದೆವು. ನಿನ್ನ ಕಾಗದದ ನೆಪದಲ್ಲಿ ತೆಗೆದೆವು. ಕುರ್ಚಿ ಬೆನ್ನಿಗೆ ಅವನ ಬೂದು ಅಂಗಿ ಹಾಗೇ ಇತ್ತು. ನಿಮ್ಮಮ್ಮ ಅದನ್ನ ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಕೊನೆಗೆ ಕುರ್ಚಿಗೇ ಹಾಕಿ ಹೊರಗೆ ಹೋದಳು. ಅವನು ಹೋದ ದಿನ ನಿನ್ನ ಹಡಗು ನಡುನೀರಿನಲ್ಲಿತ್ತು, ನಿನಗೆ ಬರೋಕಾಗಲಿಲ್ಲ. ಅದನ್ನ ಇಲ್ಲಿ ಯಾರೂ ತಪ್ಪು ಅಂದಿಲ್ಲ. ನೀನೂ ಅನ್ನಬೇಡ.

ಈಗ ಮೆಷಿನ್ ವಿಷಯ. ನನಗೆ ಅವುಗಳ ತಲೆಬುಡ ಗೊತ್ತಿರಲಿಲ್ಲ, ನಿನಗೇ ಗೊತ್ತಲ್ಲ. ಬೀದಿ ಕೊನೆಯ ರೇಡಿಯೊ ರಿಪೇರಿಯವನು, ನಿಮ್ಮಣ್ಣನ ಜೊತೆ ಓದಿದವನು, ನಾಲ್ಕು ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು ಹೇಳಿಕೊಟ್ಟ. ಪಾಪ, ತಾಳ್ಮೆಯವನು. ಚಿಕ್ಕದು ಬರೀ ಡ್ರಮ್ ಮೆಷಿನ್. ಅದಕ್ಕೆ ಗೊತ್ತಿರೋದು ಒಂದೇ ಕೆಲಸ. ಮುಂದುಗಡೆ ಸಾಲಾಗಿ ಹದಿನಾರು ಗುಂಡಿ. ಧಮ್ ಅನ್ನೋ ಕಿಕ್ ಎಲ್ಲಿ ಬೀಳಬೇಕೋ ಆ ಗುಂಡಿ ಒತ್ತಿದರೆ ದೀಪ ಹತ್ತುತ್ತೆ, ದೀಪ ಹತ್ತಿದ ಕಡೆ ಕಿಕ್ ಬೀಳುತ್ತೆ. ಟಪ್ ಅನ್ನೋ ಸ್ನೇರಿಗೆ ಬೇರೆ ನಾಬ್, ಚಿಸ್ ಅನ್ನೋ ಹೈಹ್ಯಾಟಿಗೆ ಬೇರೆ ನಾಬ್. ಕಣ್ಣು ಮುಚ್ಚಿ ತಿರುಗಿಸಿದರೂ ಕೈಗೆ ಗೊತ್ತಾಗುತ್ತೆ. ಪರದೆ ಅಂತ ಏನೂ ಇಲ್ಲ. ತಗ್ಗಿನ ಸದ್ದು ಹೊಟ್ಟೆಯೊಳಗೆ ಬಂದು ಕೂರುತ್ತೆ, ಅದಂತೂ ನಿಜ, ನಾನೇ ಒಪ್ಪಿಕೊಂಡೆ. ಆದರೆ ರಾಗ, ಬೇಸ್ ಬೇಕು ಅಂದರೆ ಜೊತೆಗೆ ಇನ್ನೊಂದು ಬೇಕೇ ಬೇಕು.

ದೊಡ್ಡದು ಗ್ರೂವ್‌ಬಾಕ್ಸ್. ಡ್ರಮ್ಸು, ಬೇಸು, ಕೀಬೋರ್ಡು, ಹೊರಗಿನ ಸದ್ದು ಹಿಡಿದಿಟ್ಟು ಬಾರಿಸೋದು, ಎಲ್ಲ ಅದರೊಳಗೇ. ಒಂದು ಇಡೀ ಆರ್ಕೆಸ್ಟ್ರಾ ತೊಡೆ ಮೇಲೆ ಕೂತ ಹಾಗೆ. ಬ್ಯಾಟರಿ ಹಾಕಿದರೆ ಕರೆಂಟೂ ಬೇಡ. ಆದರೆ ಒಂದು ಗುಂಡಿಗೆ ಮೂರು ಕೆಲಸ. ಒಂದನ್ನ ಒತ್ತಿ ಹಿಡಿದು ಇನ್ನೊಂದು ಒತ್ತಿದರೆ ಒಂದು ಅರ್ಥ, ಎರಡು ಸಲ ಒತ್ತಿದರೆ ಬೇರೆ ಅರ್ಥ. ಸಣ್ಣ ಪರದೆ, ಇರುವೆ ಸಾಲಿನಂಥ ಅಕ್ಷರ. ಎಲ್ಲಿದ್ದೇನೆ, ಎಲ್ಲಿಂದ ಬಂದೆ ಅಂತ ತಿಳಿಯೋದೇ ಇಲ್ಲ. ರಿಪೇರಿಯವನು "ಅಭ್ಯಾಸವಾದರೆ ಬಿಡೋಕೆ ಮನಸ್ಸಾಗಲ್ಲ" ಅಂದ. ಇರಬಹುದು.

ಈ ಚಿಕ್ಕದರ ಮೇಲೆ ನನಗಿದ್ದ ಸಿಟ್ಟು ನಿನಗೆ ನೆನಪಿರಬೇಕು. ನಮ್ಮ ಆರ್ಕೆಸ್ಟ್ರಾ ಯಜಮಾನರು ನನ್ನ ಜಾಗದಲ್ಲಿ ಇಂಥದ್ದೇ ಒಂದನ್ನ ತಂದಿಟ್ಟು, "ಇದಕ್ಕೆ ಊಟ ಬೇಡ, ವ್ಯಾನಿನಲ್ಲಿ ಸೀಟು ಬೇಡ, ಎಲ್ಲಿಟ್ಟರೆ ಅಲ್ಲಿರುತ್ತೆ" ಅಂತ ಎಲ್ಲರ ಮುಂದೆ ನಗಾಡಿದ್ದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮರುವರ್ಷ ನಿಮ್ಮಣ್ಣ ಈ ಚಿಕ್ಕದನ್ನ ಬಗಲಲ್ಲಿಟ್ಟುಕೊಂಡು ಬಂದ. "ನನ್ನ ಹೊಟ್ಟೆ ಮೇಲೆ ಹೊಡೆದದ್ದನ್ನ ಮನೆಗೇ ತಂದೆಯಲ್ಲ" ಅಂದುಬಿಟ್ಟೆ. ಅವನು ಮಾರನೇ ದಿನ ಹೆಡ್‌ಫೋನ್ ತಂದ. ಎರಡು ವರ್ಷ ಆ ಕೋಣೆಯಿಂದ ಒಂದು ಸದ್ದು ಹೊರಗೆ ಬರಲಿಲ್ಲ, ನಾನು ಒಂದು ಹೆಜ್ಜೆ ಒಳಗೆ ಇಡಲಿಲ್ಲ. ನಡುವೆ ನೀನು ಓಡಾಡಿ ಓಡಾಡಿ ಸೋತೆ.

ಅವನ ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ನಾನೇ ಜೊತೆಗೆ ಹೋಗಬೇಕಾಯಿತು. ನಾಲ್ಕು ಗಂಟೆ ಒಂದೇ ಕುರ್ಚಿ. ಒಂದು ಕೈಗೆ ಸೂಜಿ, ಇನ್ನೊಂದು ಕೈಯಲ್ಲಿ ಈ ಗ್ರೂವ್‌ಬಾಕ್ಸ್. ನಾನು ಪಕ್ಕದಲ್ಲಿ ಪೇಪರ್ ಓದುವವನ ಹಾಗೆ ಕೂತಿರುತ್ತಿದ್ದೆ. ಆರನೆಯದೋ ಏಳನೆಯದೋ ವಾರ, ಅವನು ಹೆಡ್‌ಫೋನ್ ತೆಗೆದು ನನ್ನ ಕಿವಿಗೇ ಇಟ್ಟ. "ಅಪ್ಪ, ಸ್ನೇರ್ ಬೇಗ ಬರ್ತಿದೆಯಾ ನೋಡು" ಅಂದ. ನಾನು ಕೇಳಿದೆ. "ಬೇಗ ಅಲ್ಲ, ಗಟ್ಟಿಯಾಯಿತು. ಎರಡನೆಯದನ್ನ ಮೆತ್ತಗೆ ಬಿಡು" ಅಂದೆ. ಎರಡು ವರ್ಷಕ್ಕೆ ನಮ್ಮಿಬ್ಬರ ಮೊದಲ ಮಾತು, ಅನ್ನ ಸಾರಿನ ಮಾತು ಬಿಟ್ಟರೆ. ಆಮೇಲೆ ದಿನಾ ಕೇಳುತ್ತಿದ್ದ. ಮೆಷಿನ್ನಿನ ಏಟು ಒಂದೇ ಅಳತೆಯಲ್ಲಿ ಬೀಳೋದನ್ನ ಹೇಗೆ ಸ್ವಲ್ಪ ಹಿಂದಕ್ಕೆ ಎಳೀಬೇಕು, ಎಲ್ಲಿ ಏಟೇ ಹಾಕಬಾರದು, ಇದನ್ನೆಲ್ಲ ಹೇಳುತ್ತಿದ್ದೆ. ಒಂದು ದಿನ ನನ್ನ ಕೈಯಿಂದ ಕುರ್ಚಿಯ ಹಿಡಿಕೆ ಬಾರಿಸಿಸಿ ಆ ಸದ್ದನ್ನೇ ಮೆಷಿನ್ನಿನಲ್ಲಿ ಹಿಡಿದಿಟ್ಟುಕೊಂಡ. ನಡುಗುವ ಕೈ, ಏಟು ಆಚೀಚೆ ಆಯಿತು. "ಸರಿ ಮಾಡಬೇಡಪ್ಪ, ಹೀಗೇ ಬೇಕು" ಅಂದ. ನರ್ಸಮ್ಮ ಬಂದು, ಅಪ್ಪ ಮಗ ಇಬ್ಬರನ್ನೂ ಹೊರಗೆ ಹಾಕ್ತೀನಿ ಅಂತ ಬೈದಳು. ಅಂಥ ಹದಿನಾಲ್ಕು ತಿಂಗಳು ನನಗೆ ಸಿಕ್ಕಿತು. ಅದಕ್ಕೆ ಮುಂಚಿನ ಎರಡು ವರ್ಷವನ್ನ ನಾನೇ ಕೈಯಾರೆ ಕಳೆದುಕೊಂಡೆ. ಅದನ್ನ ಯಾರ ಮುಂದೆ ಹೇಳಲಿ.

ಇಷ್ಟೆಲ್ಲ ಯೋಚಿಸಿ ಹೇಳ್ತಿದ್ದೀನಿ, ನೀನು ಚಿಕ್ಕದನ್ನೇ ಇಟ್ಟುಕೋ. ಹಡಗಿನ ಅದುರಾಟಕ್ಕೆ, ಉಪ್ಪು ಗಾಳಿಗೆ ಅದು ತಡೆಯುತ್ತೆ. ಗಟ್ಟಿ ಮೈ, ಕೆಡೋದಕ್ಕೆ ಒಳಗೆ ಹೆಚ್ಚೇನೂ ಇಲ್ಲ. ಪಾಳಿ ಮುಗಿಸಿ ಸುಸ್ತಾಗಿ ಬಂದವಳಿಗೆ ಪರದೆ ನೋಡೋ ಕಷ್ಟವಿಲ್ಲ. ರಾಗ ನಿನ್ನ ಬಾಯಲ್ಲೇ ಇದೆ, ತಾಳ ಅದು ಹಾಕಲಿ. ದೊಡ್ಡದು ನಾಜೂಕು, ಪಾರ್ಸೆಲ್‌ನಲ್ಲಿ ಪೆಟ್ಟು ತಿಂದರೆ ಕಷ್ಟ. ಅದು ಇಲ್ಲೇ ನನ್ನ ಹತ್ತಿರ ಇರಲಿ. ಚಿಕ್ಕದನ್ನ ನಿಮ್ಮಮ್ಮ ಹಳೇ ಉಣ್ಣೆ ಶಾಲಿನಲ್ಲಿ ಸುತ್ತಿಟ್ಟಿದ್ದಾಳೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಜೊತೆಯ ಹಿರಿಯ ಎಂಜಿನಿಯರರಿಗೆ ನಮ್ಮ ನಮಸ್ಕಾರ ತಿಳಿಸು. ಅಣ್ಣನ ಸುದ್ದಿ ಮುಟ್ಟಿದ ದಿನ ನಿನ್ನೊಬ್ಬಳನ್ನೇ ಬಿಡದೆ ಪಕ್ಕದಲ್ಲಿ ಕೂತಿದ್ದರಂತೆ, ಅವರ ಋಣ ದೊಡ್ಡದು. ಅಮ್ಮ ನಿನ್ನ ತಲೆ ಸವರಿದಳು ಅಂತ ಬರೆಯೋಕೆ ಹೇಳಿದ್ದಾಳೆ. ಸುಖವಾಗಿರು ತಾಯಿ.

ನಿನ್ನ
ಅಪ್ಪ

ಮರೆತು ಬಿಟ್ಟದ್ದಲ್ಲ ಇದು, ಧೈರ್ಯ ಸಾಲದೆ ಬಿಟ್ಟದ್ದು. ನಿಮ್ಮಮ್ಮ ಹಿತ್ತಲಲ್ಲಿದ್ದಾಳೆ, ಬರೋದರೊಳಗೆ ಬರೆದು ಲಕೋಟೆ ಅಂಟಿಸಿಬಿಡ್ತೀನಿ. ಚಿಕ್ಕದನ್ನ ಕಳಿಸೋಕೆ ಮೇಲೆ ಹೇಳಿದ ಕಾರಣ ಯಾವುದೂ ಕಾರಣವಲ್ಲ. ದೊಡ್ಡದರಲ್ಲಿ ಅವನು ಒಂದು ಹಾಡು ಬಿಟ್ಟಿದ್ದ, ಇಂಗ್ಲಿಷ್ ಅಕ್ಷರದಲ್ಲಿ 'ತಂಗಿಗೆ' ಅಂತ ಹೆಸರು. ನಿನಗೆ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಎರಡು ಸಲ ಪೂರ್ತಿ ಕೇಳಿದೆ. ಕೊನೆಯಲ್ಲಿ ಅವನ ದನಿ ಇತ್ತು, ಒಂದು ನಗು, ಅಷ್ಟೇ. ಕಳೆದುಹೋಗದಿರಲಿ ಅಂತ ಇನ್ನೊಂದು ನಕಲು ಮಾಡೋಕೆ ಹೋದೆ. ಪರದೆ ಮೇಲೆ ಅದು ಏನೋ ಕೇಳಿತು, ನಾನು ಸರಿಯಾಗಿ ಓದದೆ ಹೌದು ಅಂತ ಒತ್ತಿದೆ. ಅಳಿಸಿಹೋಯಿತು. ರಿಪೇರಿಯವನು ಎರಡು ದಿನ ಒದ್ದಾಡಿದ, ಬರಲಿಲ್ಲ. ಅಮ್ಮನಿಗೆ ಹೇಳಿಲ್ಲ. ನಿನಗೆ ಹೇಳದಿದ್ದರೂ ನಡೆಯುತ್ತಿತ್ತು, ಆದರೆ ನಿನ್ನ ಪಾಲಿನದು ಒಂದು ಇತ್ತು ಅನ್ನೋದಾದರೂ ನಿನಗೆ ತಿಳಿಯಬೇಕು. ತಾಳ ನನ್ನ ತಲೆಯಲ್ಲಿ ಉಳಿದಿತ್ತು, ಅದನ್ನ ಚಿಕ್ಕದರಲ್ಲಿ ಮೊದಲನೇ ನಂಬರಿಗೆ ಹಾಕಿದ್ದೀನಿ, ಏಟು ಒಂದೂ ತಪ್ಪಿಲ್ಲ. ರಾಗ ನನ್ನ ಕೈಗೆ ಸಿಗಲಿಲ್ಲ. ಬೈಯಬೇಕು ಅನ್ನಿಸಿದರೆ ಕಾಗದದಲ್ಲಿ ಬೈಯಬೇಡ ಮಗಳೇ, ರಜೆ ಸಿಕ್ಕಾಗ ಮನೆಗೆ ಬಂದು ಬೈ.